ಕರೆಂಟು ತರುವ ಅಳಿಯ

ನಮ್ಮ ಕಿಕ್ಕೇರಿಗೆ ಎಲೆಕ್ಟ್ರಿಕ್ ಬಸ್ಸು ಬಂದ ದಿನ ಕೆ.ಆರ್. ಪೇಟೆಯವರಿಗೆ ಊಟ ಸೇರಲಿಲ್ಲ ಎಂದು ಜನ ಹೇಳುತ್ತಾರೆ. ಹಾಗೆ ಹೇಳಿದ ಮೊದಲನೆಯ ಜನ ನಾನೇ. ತಾಲ್ಲೂಕು ಕಚೇರಿ ಅವರದು, ಕೋರ್ಟು ಅವರದು, ದೊಡ್ಡ ಬಸ್ ನಿಲ್ದಾಣ ಅವರದು. ಆದರೆ ಬಸ್ಸಿಗೆ ಚಾರ್ಜು ಹಾಕುವ ಜಾಗ ಮಾತ್ರ ಕಿಕ್ಕೇರಿಯ ಪಾಲಿಗೆ ಬಂತು. ಇಲ್ಲಿ ಒಂದು ಖಾಲಿ ಮೈದಾನ ಬಿದ್ದಿತ್ತು, ಅದಕ್ಕೇ ಬಂತು ಎಂದು ಕೆಲವರು ಹೊಟ್ಟೆಕಿಚ್ಚಿನಿಂದ ಆಡಿಕೊಂಡರು. ಮೈದಾನ ಖಾಲಿ ಇಟ್ಟುಕೊಂಡದ್ದು ನಮ್ಮ ದೂರದೃಷ್ಟಿ ಎಂದು ಅವರಿಗೆ ಯಾರು ತಿಳಿಸಬೇಕು?

ನಾಲ್ಕು ಬಸ್ಸು. ಹೊಗೆಯಿಲ್ಲ, ಸದ್ದಿಲ್ಲ. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಕ್ಕೆ ಹೋಗುತ್ತವೆ, ಬರುತ್ತವೆ. ಸದ್ದಿಲ್ಲದ್ದೇ ಮೊದಮೊದಲು ಕಷ್ಟವಾಯಿತು. ರಸ್ತೆಗೆ ಬೆನ್ನು ಮಾಡಿಕೊಂಡು ಸೊಪ್ಪು ಬಿಡಿಸುತ್ತ ಕೂತಿದ್ದ ಸೋಮಮ್ಮನ ಹಿಂದೆಯೇ ಬಸ್ಸು ಬಂದು, ನಿಂತು, ಹೊರಟೂ ಹೋಯಿತು. ಆಕೆ ಸಂಜೆ ಕಂಡಕ್ಟರನನ್ನು ಹಿಡಿದು, "ಬಂದೋರು ಬಂದ್ವಿ ಅಂತ ಒಂದ್ಮಾತು ಯೋಳ್ಬಾರ್ದಾ?" ಎಂದು ಜಗಳ ತೆಗೆದಳು.

ಈ ನಾಲ್ಕು ಬಸ್ಸುಗಳಿಗೆ ಚಾರ್ಜು ಹಾಕುವ ಉಸ್ತುವಾರಿ ನಮ್ಮ ತಿಮ್ಮೇಶನದು. ಸುಲಭದ ಕೆಲಸ ಎಂದು ತಿಳಿಯಬೇಡಿ. ಬಸ್ಸೇನೋ ಹೊಗೆ ಬಿಡುವುದಿಲ್ಲ, ಆದರೆ ಅದು ಕುಡಿಯುವ ಕರೆಂಟು ಎಲ್ಲಿಂದಲೋ ಬರಬೇಕಲ್ಲ. ಸಂಜೆ ನಾಡಿನವರೆಲ್ಲ ಒಟ್ಟಿಗೆ ದೀಪ, ಟೀವಿ, ಮಿಕ್ಸಿ ಹಾಕಿಕೊಂಡಾಗ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟೇ ಹೆಚ್ಚು. ಬಿಸಿಲೇರಿದ ಮೇಲಾದರೆ ಸೋಲಾರಿನ ಕರೆಂಟು ಧಾರಾಳ. ಆದ್ದರಿಂದ ಸಂಜೆ ಬಂದು ನಿಂತ ಬಸ್ಸು ಎಷ್ಟೇ ಹಸಿದಿರಲಿ, ಅದಕ್ಕೆ ಕೊಡಕೂಡದು. ಹಗಲು ಟ್ರಿಪ್ಪುಗಳ ನಡುವೆ ಬಂದು ನಿಂತಾಗ ಹೊಟ್ಟೆ ತುಂಬ ಕೊಡಬೇಕು. ತಿಮ್ಮೇಶನ ಮೊಬೈಲಿನಲ್ಲಿ ಹಸಿರು ಬಂದರೆ ಪೆಟ್ರೋಲ್ ಬಂಕಿನದರಂಥ ಹಿಡಿಯಿರುವ ದಪ್ಪ ವೈರನ್ನು ಬಸ್ಸಿಗೆ ಸಿಕ್ಕಿಸಬೇಕು. ಅದಕ್ಕೆ ಗನ್ನು ಎಂದು ಹೆಸರು. ಕೆಂಪು ಬಂದರೆ ಕೈ ಕಟ್ಟಿಕೊಂಡು ಕೂರಬೇಕು. ಒಟ್ಟಿನಲ್ಲಿ ದಿನದ ಬಹುಪಾಲು ಏನೂ ಮಾಡದೆ ಇರುವುದೇ ಅವನ ಕೆಲಸ. ಇದಕ್ಕೆ ತಿಮ್ಮೇಶನಷ್ಟು ಯೋಗ್ಯ ಮನುಷ್ಯ ಸುತ್ತಿನ ಯಾವ ತಾಲ್ಲೂಕಿನಲ್ಲೂ ಸಿಗುತ್ತಿರಲಿಲ್ಲ. ತನ್ನ ಮದುವೆಯ ದಿನವೇ ಪಾಂಡವಪುರದಲ್ಲಿ ಬೇರೆ ಯಾರದೋ ಛತ್ರಕ್ಕೆ ಹೋಗಿ, ಉಪ್ಪಿಟ್ಟು ತಿಂದು, ಮುಯ್ಯಿ ಬರೆಸುವಾಗ ಗಂಡಿನ ಹೆಸರು ಕೇಳಿ ಗಾಬರಿಬಿದ್ದು ಓಡಿಬಂದವನು ಅವನು.

ಅವನಿಗೆ ಕೊರತೆಯೆಂದರೆ ಮಾವನ ಮನೆಯಲ್ಲಿ ಮರ್ಯಾದೆಯಿರಲಿಲ್ಲ. ಮಾವ ಅಂದಾನಯ್ಯ ಸಿಂಧಘಟ್ಟದಲ್ಲಿ ಕಬ್ಬು, ಭತ್ತ, ತೆಂಗು ಇಟ್ಟುಕೊಂಡ ಗಟ್ಟಿ ಕುಳ. ಆದರೆ ಪಕ್ಕದ ಮನೆಯ ಶಿವಣ್ಣನ ಅಳಿಯ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ. "ನನ್ನ ಅಳಿಯ ಗೇಟೆತ್ತುದ್ರೇಯ ನಾಲೇಲಿ ನೀರು" ಎಂದು ಶಿವಣ್ಣ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಆ ನೀರು ಸಿಂಧಘಟ್ಟದ ಕಡೆ ತಲೆಯೇ ಹಾಕುವುದಿಲ್ಲ ಎಂಬುದು ಬೇರೆ ಮಾತು. "ನಿನ್ನ ಅಳಿಯ ಏನ್ ಮಾಡ್ತಾನೆ ಅಂದಾನಣ್ಣ?" ಎಂದು ಯಾರಾದರೂ ಕೇಳಿದರೆ ಅಂದಾನಯ್ಯ ದನದ ಕಡೆ ತಿರುಗಿ, "ಅದೇನೋ ವೈರು ಸಿಗಿಸ್ತಾನಂತೆ ಕಣ್ಲಾ" ಎಂದು ಮಾತು ಮುಗಿಸುತ್ತಿದ್ದ.

ಇದು ತಿಮ್ಮೇಶನ ಕಿವಿಗೆ ಬಿತ್ತು. ಅವತ್ತಿನಿಂದ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕತೊಡಗಿದ. ಯಾರು ಕೇಳಿದರೂ ಗಂಟಲು ಸರಿಮಾಡಿಕೊಂಡು, "ಯಾವ ಹೊತ್ನಲ್ಲಿ ಕರೆಂಟು ಹರೀಬೇಕು, ಯಾವ ಹೊತ್ನಲ್ಲಿ ನಿಲ್ಬೇಕು, ಅದೆಲ್ಲ ನನ್ ಕೈಲೈತೆ" ಎನ್ನತೊಡಗಿದ. ಮಾತು ಸುಳ್ಳಲ್ಲ. ಬಸ್ಸಿನ ಮಟ್ಟಿಗೆ ಎಂಬ ಎರಡು ಪದವನ್ನು ಅವನು ನುಂಗಿಕೊಳ್ಳುತ್ತಿದ್ದ, ಅಷ್ಟೆ.

ಹೀಗಿರುವಾಗ ಒಂದು ದಿನ ಅಂದಾನಯ್ಯ ಕಿಕ್ಕೇರಿಯ ಸಂತೆಗೆ ಬಂದವನು ಬಿಸಿಲಿಗೆ ಬೇಸತ್ತು ಅಳಿಯನ ಚಾರ್ಜಿಂಗ್ ನಿಲ್ದಾಣದ ನೆರಳಿಗೆ ಬಂದು ಕೂತ. ತಿಮ್ಮೇಶ ಮಾವನ ಕಣ್ಣೆದುರು ತನ್ನ ಕೆಲಸವನ್ನು ಆದಷ್ಟು ಗಂಭೀರವಾಗಿ ಮಾಡಿದ. ಮೊಬೈಲು ನೋಡಿದ. ಆಕಾಶ ನೋಡಿದ. ಮತ್ತೆ ಮೊಬೈಲು ನೋಡಿದ. ಹಸಿರು ಬಂದದ್ದೇ ಗನ್ನನ್ನು ಎರಡೂ ಕೈಯಲ್ಲಿ ಎತ್ತಿ ಬಸ್ಸಿಗೆ ಸಿಕ್ಕಿಸಿದ. ಅದೇ ಕ್ಷಣಕ್ಕೆ ಅಂದಾನಯ್ಯನ ಫೋನು ಬಡಿದುಕೊಂಡಿತು. ಊರಿಂದ ಹೆಂಡತಿ ಗೌರಮ್ಮ.

"ತ್ರೀ ಫೇಸ್ ಬಂತು ಕಣ್ರೀ. ಮೋಟ್ರು ಆಕ್ಲಾ?"

ರೈತನಿಗೆ ಈ ಮಾತಿನ ಬೆಲೆ ಗೊತ್ತು. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ ಬರುವಂಥದ್ದು. ಅದಕ್ಕಾಗಿ ಕಾದು ಕಾದು ಸಿಂಧಘಟ್ಟದ ಗಂಡಸರ ಅರ್ಧ ಆಯುಸ್ಸು ಕಳೆದಿದೆ. ಈಚೆಗೆ ಬಿಸಿಲಿನ ಕರೆಂಟು ಹೆಚ್ಚಾದ ಮೇಲೆ ಅದನ್ನೂ ಹಗಲಿಗೇ ಕೊಡುತ್ತಿದ್ದರು. ಬಿಸಿಲೇರಿದಾಗ ಬಸ್ಸಿಗೂ ಕರೆಂಟು, ಮೋಟಾರಿಗೂ ಕರೆಂಟು. ಎರಡಕ್ಕೂ ಕಾರಣ ಸೂರ್ಯ. ಆದರೆ ಸೂರ್ಯ ಯಾರ ಅಳಿಯನೂ ಅಲ್ಲವಲ್ಲ.

ಅಂದಾನಯ್ಯ ಫೋನು ನೋಡಿದ, ಗನ್ನು ನೋಡಿದ, ಅಳಿಯನನ್ನು ನೋಡಿದ. ಮೆಲ್ಲಗೆ ಎದ್ದು ನಿಂತ. "ಅಳಿಯಂದ್ರೇ" ಎಂದ. ಮದುವೆಯಾದ ಮೇಲೆ ಮೊದಲ ಸಲ ಆ ಪದ ಬಂದದ್ದು. "ಈಗ ನೀವು ಅದ ಸಿಗಿಸುದ್ರಲ್ಲಾ... ದಿನಾ ಇದೇ ಹೊತ್ಗೇಯ ಸಿಗಿಸೋದಾ?"

"ಮೋಡ ಇದ್ರೆ ಒಸಿ ತಡ ಮಾಡ್ತೀನಿ ಮಾವ."

ಮೋಡವಿದ್ದ ದಿನ ತ್ರೀ ಫೇಸ್ ತಡವಾಗಿ ಬರುವುದು ಅಂದಾನಯ್ಯನ ನೆನಪಿಗೆ ಬಂತು. ಇನ್ನೇನು ಸಾಕ್ಷಿ ಬೇಕು? ಸಂತೆಯ ಚೀಲವನ್ನೂ ಅಲ್ಲೇ ಮರೆತು ಊರಿಗೆ ಹೋದ. ಅರಳಿಕಟ್ಟೆಯ ಮುಂದೆ ಶಿವಣ್ಣನನ್ನು ತಡೆದು ನಿಲ್ಲಿಸಿ, "ನಿನ್ನ ಅಳಿಯ ನೀರು ಬುಡ್ತಾನೆ ಅಲ್ವೇನ್ಲಾ? ಬುಡ್ಲಿ. ನನ್ನ ಅಳಿಯ ಕರೆಂಟು ಬುಡ್ತಾನೆ. ನೀರು ಮೇಲಕ್ಕೆತ್ತಾಕೆ ಏನ್ ಬೇಕು? ಕರೆಂಟು ಬೇಕು. ಈಗ ಯೋಳು, ಯಾವ ಅಳಿಯ ದೊಡ್ಡೋನು?" ಎಂದ.

ಶಿವಣ್ಣ ನಂಬಲಿಲ್ಲ. ಆದರೆ ಊರು ನಂಬಿತು. ಮರುದಿನ ಬಸ್ಸಿನಲ್ಲಿ ಕಿಕ್ಕೇರಿಗೆ ಬಂದವರು ತಿಮ್ಮೇಶ ಗನ್ನು ಎತ್ತುವುದನ್ನು ನೋಡಿಕೊಂಡೇ ಊರಿಗೆ ಫೋನು ಮಾಡಿದರು. "ಎತ್ತುದ್ರು... ಸಿಗಿಸುದ್ರು... ಬಂತಾ?" "ಬಂತು ಬಂತು!" ಅಲ್ಲಿಗೆ ಅನುಮಾನ ಮುಗಿಯಿತು.

ಅಂದಿನಿಂದ ತಿಮ್ಮೇಶನ ಮನೆಗೆ ಎಳನೀರು ಬಂತು, ಬೆಲ್ಲದ ಅಚ್ಚು ಬಂತು, ಅವರೆಕಾಯಿ ಮೂಟೆಯಲ್ಲಿ ಬಂತು. ಮಾದಮ್ಮ ಎಂಬಾಕೆ ನಾಟಿ ಕೋಳಿಯನ್ನೇ ತಂದು ಕಾಲ ಬಳಿ ಬಿಟ್ಟು, "ನನ್ನ ಭತ್ತಕ್ಕೆ ಒಸಿ ಬೇಗ ಬುಡಪ್ಪ, ನಿಂಗೆ ಪುಣ್ಯ ಬತ್ತದೆ" ಎಂದು ಬೇಡಿಕೊಂಡಳು. ತಿಮ್ಮೇಶ ಇಲ್ಲ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ದೊಡ್ಡ ಮನುಷ್ಯರು ಮಾಡುವಂತೆ, "ನೋಡೋಣ" ಎಂದ.

ಅವನ ಹೆಂಡತಿ ಪೂಜಳಿಗೆ ಮಾತ್ರ ನಿಜ ಗೊತ್ತಿತ್ತು. "ರೀ, ನಾಳೆ ಕರೆಂಟು ಓದ್ರೆ ಇದೇ ಜನ ಕೋಳಿ ವಾಪಸ್ ಕೇಳ್ತಾರೆ. ಅಪ್ಪನಿಗೆ ಈಗ್ಲೇ ನಿಜ ಯೋಳ್ಬುಡಿ" ಎಂದಳು.

"ಯೋಳ್ತೀನಿ ಕಣೆ. ಆದ್ರೆ ನಿಮ್ಮಪ್ಪ ನನ್ನ ನೀವು ಅಂತಾವ್ರೆ. ಇನ್ನೊಂದೆರಡು ಸಲ ಅನ್ಲಿ" ಎಂದ ತಿಮ್ಮೇಶ. ಆ ಮುಖ ನೋಡಿ ಪೂಜ ಅವರೆಕಾಯಿ ಬಿಡಿಸಲು ಕೂತಳು.

ನಿಜವಾಗಿ ಕೆಟ್ಟದ್ದು ಲೈನ್‌ಮನ್ ದೇವರಾಜುವಿನ ಕಾಲ. ಸಿಂಧಘಟ್ಟದ ಕಂಬ ಹತ್ತಿ ಇಳಿಯುವವನು ಅವನು. ಅಲ್ಲಿಯವರೆಗೆ ಎಳನೀರೂ ಅವರೆಕಾಯಿಯೂ ಅವನ ಪಾಲಾಗಿದ್ದವು. ಈಗ ಅವನು ಕಂಬದ ಮೇಲಿದ್ದರೂ ಜನ ತಲೆಯೆತ್ತಿ ನೋಡದೆ ಹೋಗುತ್ತಿದ್ದರು. ನಮ್ಮ ಹೋಟೆಲ್ ಬೆಂಚಿನಲ್ಲಿ ಕೂತು ಅವನು ನನ್ನೆದುರು ಗೋಳಾಡಿಕೊಂಡ. "ಸಾರ್, ಹಬ್ಬಕ್ಕೆ ಒಂದು ತೆಂಗಿನಕಾಯೂ ಕೊಡ್ನಿಲ್ಲ. ಇನ್ಮ್ಯಾಕೆ ಆ ಊರೋರು ತಾವಾಗಿ ಬಾಯ್ಬುಟ್ಟು ಕರೆಯೋಗಂಟ ನಾನು ಒಂದು ವೈರೂ ಮುಟ್ಟಾಕಿಲ್ಲ." ಸ್ವಾಭಿಮಾನವೆಂದರೆ ಅದು.

ಇಷ್ಟರಲ್ಲಿ ಮೈಸೂರಿನಿಂದ ಸಹನ ಮೇಡಂ ತಪಾಸಣೆಗೆ ಬಂದರು. ಬಸ್ಸುಗಳ ಚಾರ್ಜಿನ ವೇಳೆಯನ್ನು ಗೊತ್ತುಮಾಡುವ ಎಂಜಿನಿಯರು ಅವರು. ಬಂದು ನೋಡಿದರೆ ಚಾರ್ಜಿಂಗ್ ಪೆಟ್ಟಿಗೆಗೆ ಅರಿಶಿನ ಕುಂಕುಮ, ಗನ್ನಿಗೆ ಕನಕಾಂಬರದ ಹಾರ, ಮುಂದೆ ಒಡೆದ ಕಾಯಿ. ಮಾದಮ್ಮ ಕರ್ಪೂರ ಹಚ್ಚಲು ಬೆಂಕಿಕಡ್ಡಿ ಗೀರುತ್ತಿದ್ದಳು.

"ತಿಮ್ಮೇಶ್, ಏನಿದು?" ಎಂದರು ಮೇಡಂ, ಬೆಂಕಿಪೊಟ್ಟಣ ಕಿತ್ತುಕೊಳ್ಳುತ್ತ.

"ಆಯುಧಪೂಜೆ ಮೇಡಂ."

"ಈ ತಿಂಗಳಲ್ಲಾ?"

"ಒಸಿ ಮುಂಚಿತವಾಗಿ ಮೇಡಂ."

ಮಾದಮ್ಮ ನಡುವೆ ಬಾಯಿ ಹಾಕಿದಳು. "ಅಮ್ಮಯ್ಯಾ, ನೀವೂ ಕರೆಂಟು ಕೇಳಾಕೆ ಬಂದ್ರಾ? ಸರದೀಲಿ ನಿಂತ್ಕೊಳ್ಳಿ."

ಮೇಡಂ ತಿಮ್ಮೇಶನನ್ನು ಪಕ್ಕಕ್ಕೆ ಕರೆದರು. "ನೋಡಿ, ಇದು ಪರೀಕ್ಷೆಯ ತಿಂಗಳು. ಸಂಜೆಯ ಹೊತ್ತು ಬಸ್ಸಿಗೆ ಕರೆಂಟು ಎಳೆಯದೆ ಕಲ್ಲಿದ್ದಲ ಹೊಗೆಯ ಕಾರ್ಬನ್ ಎಷ್ಟು ಇಳಿಸಬಹುದು ಅಂತ ಲೆಕ್ಕ ಹಾಕುತ್ತಿದ್ದೇವೆ. ಒಂದೇ ಒಂದು ಸಂಜೆ ತಪ್ಪಿದರೂ ಈ ನಾಲ್ಕು ಬಸ್ಸೂ ಬೇರೆ ಊರಿಗೆ ಹೋಗುತ್ತವೆ. ನಿಮ್ಮ ಕೆಲಸವೂ ಇರುವುದಿಲ್ಲ. ಅರ್ಥವಾಯಿತಾ?"

ತಿಮ್ಮೇಶ ತಲೆಯಾಡಿಸಿದ. ಅವನ ಜನ್ಮದಲ್ಲಿ ಪೂರ್ತಿಯಾಗಿ ಅರ್ಥವಾದ ಮೊದಲ ವಿಷಯ ಅದೇ ಇರಬೇಕು.

ಪರೀಕ್ಷೆಯ ಕೊನೆಯ ದಿನವೇ ಪೂಜಳ ತಂಗಿ ರಂಜಿತಳ ನಿಶ್ಚಿತಾರ್ಥ. ಗಂಡಿನ ಕಡೆಯವರು ನಾಗಮಂಗಲದವರು. ಸಂಜೆಯ ಮುಹೂರ್ತ. ಷಾಮಿಯಾನದವನು, "ಜನರೇಟರ್ ತರ್ಲಾ ಯಜಮಾನ್ರೇ?" ಎಂದು ಕೇಳಿದ್ದಕ್ಕೆ ಅಂದಾನಯ್ಯ ನಕ್ಕೇ ನಕ್ಕ. "ಸಿಂಧಘಟ್ಟದ ಅಂದಾನಯ್ಯನ ಮನೇಗೆ ಜನರೇಟರಾ? ನನ್ನ ಅಳಿಯನ್ಗೆ ಅವಮಾನ ಮಾಡಾಕೆ ಬಂದಿದ್ದೀಯೇನ್ಲಾ?"

ಆದರೂ ಮುಂಜಾಗ್ರತೆ ಇರಲಿ ಎಂದು, ಅಳಿಯನಿಗೂ ತಿಳಿಸದೆ, ಕಿಕ್ಕೇರಿಯ ನಿಲ್ದಾಣಕ್ಕೆ ಒಬ್ಬನನ್ನು ಕಳಿಸಿದ. ಅಕಸ್ಮಾತ್ ಕರೆಂಟು ಹೋದರೆ ಅವನು ಕೂಡಲೇ ಬಸ್ಸಿಗೆ ಗನ್ನು ಸಿಕ್ಕಿಸಬೇಕು. ಆ ಕೆಲಸಕ್ಕೆ ತಾನಾಗಿ ಮುಂದೆ ಬಂದವನು ಶಿವಣ್ಣ. ಊಟ ತಪ್ಪಿದರೂ ಚಿಂತೆಯಿಲ್ಲ, ಈ ಕರೆಂಟಿನ ಬಂಡವಾಳವನ್ನು ಕಣ್ಣಾರೆ ನೋಡಬೇಕೆಂದು ಅವನು ಹಟ ತೊಟ್ಟಿದ್ದ. ನಿಲ್ದಾಣದ ಕಾವಲುಗಾರನೂ ಸಿಂಧಘಟ್ಟದವನೇ ಆದ್ದರಿಂದ ಗೇಟು ತೆರೆಯಿತು.

ನಾನೂ ಆ ಸಂಜೆ ಅಂದಾನಯ್ಯನ ಮನೆಯಲ್ಲಿದ್ದೆ. ಚಪ್ಪರದ ತುಂಬ ಸೀರಿಯಲ್ ಸೆಟ್ಟಿನ ಬಣ್ಣದ ದೀಪ ಮಿನುಗುತ್ತಿತ್ತು. ಒಂದು ಬದಿಯಲ್ಲಿ ಮೊದಲ ಪಂಕ್ತಿ ಊಟಕ್ಕೆ ಕೂತಿತ್ತು. ಗಂಡಿನ ಅಜ್ಜಿ ಚಿಕ್ಕಬೋರಮ್ಮ ನಡುಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಕೆ ಹೂಂ ಎಂದರೆ ನಾಗಮಂಗಲವೇ ಹೂಂ ಎಂದ ಹಾಗೆ, ಊಹೂಂ ಎಂದರೆ ತಂದ ಸೀರೆಯನ್ನೂ ಎತ್ತಿಕೊಂಡು ಹೊರಡುವ ಜನ. ಅಂದಾನಯ್ಯ ತಿಮ್ಮೇಶನ ತೋಳು ಹಿಡಿದು ಆಕೆಯ ಮುಂದೆ ನಿಲ್ಲಿಸಿದ. "ಅವ್ವಾರೆ, ಇವ್ರೇ ನನ್ನ ದೊಡ್ಡಳಿಯಂದ್ರು. ನಮ್ಮೂರ ಕರೆಂಟೆಲ್ಲ ಇವ್ರ ಕೈಯಾಗೈತೆ. ಇವ್ರು ಇರೋಗಂಟ ಈ ಮನೇಲಿ ದೀಪ ಆರಾಕಿಲ್ಲ."

ದೀಪ ಆರಿತು.

ಸೀರಿಯಲ್ ಸೆಟ್ಟು, ಫ್ಯಾನು, ಮೈಕು, ಅಡುಗೆಮನೆಯ ಗ್ರೈಂಡರು ಎಲ್ಲ ಒಟ್ಟಿಗೆ ಸುಮ್ಮನಾದವು. ಆ ಕತ್ತಲಲ್ಲಿ ಚಿಕ್ಕಬೋರಮ್ಮನವರ ದನಿ ಕೇಳಿತು. "ಎಲ್ಲವ್ನೆ ಆ ಕರೆಂಟಿನಳಿಯ?"

"ಒಂದ್ನಿಮಿಷ ಅವ್ವಾರೆ, ಒಂದೇ ನಿಮಿಷ!" ಅಂದಾನಯ್ಯ ಶಿವಣ್ಣನಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಶಿವಣ್ಣ ಸಿದ್ಧವಾಗಿಯೇ ಇದ್ದ. "ಗನ್ನು ಕೈಲೈತೆ ಅಂದಾನಣ್ಣ. ಬಸ್ಸಿನ ಬಾಯೂ ತೆಗ್ಸಿವ್ನಿ. ಆಕ್ಲಾ?"

"ಆಕು!" ಎಂದ ಅಂದಾನಯ್ಯ. "ಆಕು ಆಕು!" ಎಂದಿತು ಚಪ್ಪರವೆಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ತಿಮ್ಮೇಶ ಸುಮ್ಮನಿದ್ದಿದ್ದರೆ ಸಾಕಿತ್ತು. ಕರೆಂಟು ಎಂದಾದರೂ ಬಂದೇ ಬರುತ್ತದೆ, ಬಂದಾಗ ಹೆಸರು ಅವನಿಗೇ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಥವನು ಅವತ್ತು ಎರಡು ಕುರ್ಚಿ, ಒಂದು ಸಾರಿನ ಬಕೆಟ್ಟು ಹಾರಿ ಮಾವನ ಕೈಯಿಂದ ಫೋನು ಕಿತ್ತುಕೊಂಡ.

"ಶಿವಣ್ಣಾರೇ, ಬ್ಯಾಡ! ನಮ್ಮವ್ವನಾಣೆ ಬ್ಯಾಡ! ಅದ ಇದ್ದ ಜಾಗದಲ್ಲಿ ಇಡಿ!"

ಅಂದಾನಯ್ಯನ ದನಿ ಇಳಿದಿತ್ತು. "ಯಾಕಳಿಯಂದ್ರೇ? ಮನೆ ಮರ್ವಾದೆ ಓಯ್ತಾ ಐತೆ."

"ಮಾವ, ಕರೆಂಟು ನಂದಲ್ಲ." ತಿಮ್ಮೇಶ ಫೋನನ್ನು ಮಾವನ ಕೈಗೆ ವಾಪಸ್ ಇಟ್ಟ. "ನಾನು ಬಸ್ಸು ಚಾರ್ಜಿಗಾಕುದ್ರೆ ನಿಮ್ಮ ಮೋಟ್ರಿಗೆ ಕರೆಂಟು ಬರಾಕಿಲ್ಲ. ಬಿಸ್ಲು ಬಂದಾಗ ಇಬ್ರಿಗೂ ಬತ್ತದೆ, ಅಷ್ಟೇಯ. ನೀವು ಅಳಿಯಂದ್ರೇ ಅಂದ್ರಲ್ಲ, ಅದಕ್ಕೆ ಬಾಯ್ಬುಡ್ಲಿಲ್ಲ. ಈಗ ಸಂಜೆ ಹೊತ್ನಲ್ಲಿ ಆಕುದ್ರೆ ಎಲ್ಲೋ ಒಂದ್ಕಡೆ ಕಲ್ಲಿದ್ದಲು ಜಾಸ್ತಿ ಉರೀತದೆ. ಬಸ್ಸು ಬುಡ್ದಿರೋ ಹೊಗೆ ಅಲ್ಲಿ ಏಳ್ತದೆ. ಬಸ್ಸುಗಳ ಕಿತ್ಕೊಂಡು ಓಯ್ತಾರೆ, ನನ್ ಕೆಲ್ಸಾನೂ ಓಯ್ತದೆ."

"ಅಂಗಾರೆ ನಿಂಗೆ ಸಂಬಳ ಯಾತಕ್ಕೆ ಕೊಡ್ತಾರಪ್ಪ?" ಚಿಕ್ಕಬೋರಮ್ಮ ಕೇಳಿದರು.

"ಸಂಜೆ ಹೊತ್ತು ಆಕ್ದೆ ಇರಾಕೆ ಅಜ್ಜಿ."

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಅಂದಾನಯ್ಯ ಕುರ್ಚಿ ಹುಡುಕಿಕೊಂಡು ಕೂತ. ಅವನ ಮುಖ ಕಾಣಲಿಲ್ಲ, ಕಾಣದ್ದೇ ಒಳ್ಳೆಯದಾಯಿತು. ಆಗಲೇ ತಿಮ್ಮೇಶನ ಸ್ವಂತ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಅವನು ಅದಕ್ಕೂ ಸ್ಪೀಕರ್ ಹಾಕಿದ. ಸಹನ ಮೇಡಂ.

"ತಿಮ್ಮೇಶ್! ಕಿಕ್ಕೇರಿಯಲ್ಲಿ ಗನ್ ಹೊರಗೆ ತೆಗೆದಿದ್ದಾರೆ ಅಂತ ಇಲ್ಲಿ ತೋರಿಸ್ತಿದೆ. ಇವತ್ತು ಕೊನೇ ದಿನ ಅಂತ ಗೊತ್ತು ತಾನೆ? ಯಾರು ಅಲ್ಲಿ?"

"ನಮ್ಮ ಮಾವನ ಪಕ್ಕದ ಮನೆಯೋರು ಮೇಡಂ. ಚಾರ್ಜಿಗೆ ಆಕಿಲ್ಲ. ವಾಪಸ್ ಇಡ್ಸಿದ್ದೀನಿ."

"ಇಡ್ತಾ ಇವ್ನಿ, ಇಡ್ತಾ ಇವ್ನಿ!" ಎಂದು ಇನ್ನೊಂದು ಫೋನಿನಿಂದ ಶಿವಣ್ಣ ಕೂಗಿದ.

ಮೇಡಂ ಅಲ್ಲಿ ಏನನ್ನೋ ಒತ್ತಿ ನೋಡಿದ ಸದ್ದಾಯಿತು. "ಹೌದು, ಗನ್ ವಾಪಸ್ ಪೆಟ್ಟಿಗೆಗೆ ಹೋಯಿತು. ಕರೆಂಟು ಎಳೆದಿಲ್ಲ. ನೀವು ತಡೆದದ್ದಕ್ಕೆ ಬಚಾವಾಯಿತು. ಇನ್ನು ಆ ಬಸ್ಸುಗಳನ್ನು ಕಿಕ್ಕೇರಿಯಿಂದ ಯಾರೂ ಅಲ್ಲಾಡಿಸೋಕೆ ಆಗಲ್ಲ. ಈ ತಿಂಗಳು ಉಳಿಸಿದ ಕಾರ್ಬನ್ ಲೆಕ್ಕಕ್ಕೆ ನಿಮ್ಮ ಹೆಸರು ಹಾಕಿಯೇ ಮೇಲಕ್ಕೆ ಕಳಿಸ್ತೀನಿ."

ಚಿಕ್ಕಬೋರಮ್ಮ ಫೋನಿನ ಬೆಳಕಿನತ್ತ ಬಾಗಿದರು. "ಶಿವಣ್ಣ ಅನ್ನೋರೇ, ಅಲ್ಲಿ ಕರೆಂಟೈತಾ?"

"ಜಗಜಗ ಅಂತಾ ಐತೆ ಅಜ್ಜಿ. ಕತ್ಲು ನಿಮ್ಗೇ."

"ಊಂ" ಎಂದರು ಅಜ್ಜಿ. ಆ ಊಂ ಯಾವ ಕಡೆಯದು ಎಂದು ಯಾರಿಗೂ ತಿಳಿಯಲಿಲ್ಲ.

"ಅಲ್ಲ, ಹಂಗಾರೆ ಲೈನ್‌ಮನ್‌ಗೆ ಯಾರಾದ್ರೂ ಫೋನ್ ಮಾಡುದ್ರಾ?" ಎಂದು ಆಗ ಗೌರಮ್ಮ ಒಳಗಿನಿಂದ ಕೇಳಿದಳು. ಯಾರೂ ಮಾಡಿರಲಿಲ್ಲ. ಆ ಊರಿನಲ್ಲಿ ಲೈನ್‌ಮನ್‌ಗೆ ಫೋನು ಮಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಊಟದ ಪಂಕ್ತಿಯ ಕೊನೆಯ ಎಲೆಯಿಂದ ಒಂದು ಕೆಮ್ಮು ಕೇಳಿತು.

"ನಾನು ಇಲ್ಲೇ ಇವ್ನಿ" ಎಂದ ದೇವರಾಜು. "ಫ್ಯೂಸ್ ಓಗೈತೆ. ಆಗ್ಲೇ ಢಬ್ ಅಂದಿದ್ದು ಕೇಳ್ನಿಲ್ವಾ? ಯಾರೂ ಕರೀನಿಲ್ಲ, ಅದಕ್ಕೆ ಪಾಯ್ಸ ಮುಗಿಸ್ತಿದ್ದೆ."

ಇಡೀ ಚಪ್ಪರ ದೇವರಾಜಣ್ಣ ದೇವರಾಜಣ್ಣ ಎಂದು ಬಾಯಿಬಿಟ್ಟು ಕರೆಯಿತು. ಅವನು ಎಷ್ಟು ಸಾವಕಾಶವಾಗಿ ಕೈ ತೊಳೆದುಕೊಂಡನೆಂದರೆ ಮೊಬೈಲಿನ ಬೆಳಕಿನಲ್ಲಿ ನೋಡಿದ ನನಗೇ ಹೊಟ್ಟೆ ತಣ್ಣಗಾಯಿತು. ಟ್ರಾನ್ಸ್‌ಫಾರ್ಮರಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ದೀಪ ಹತ್ತಿತು.

ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿದರು. ಆಮೇಲೆ ಎಲ್ಲರ ಕಣ್ಣೂ ಅಂದಾನಯ್ಯನ ಮೇಲೆ ಹೋದವು. ತಿಮ್ಮೇಶ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಪೂಜ ಬಂದು ಅವನ ಪಕ್ಕದಲ್ಲಿ ನಿಂತುಕೊಂಡಳು. ಅಂದಾನಯ್ಯ ಏನು ಬೈದರೂ ಇಬ್ಬರೂ ಕೇಳಿಸಿಕೊಳ್ಳಲೇಬೇಕಿತ್ತು.

ಅಂದಾನಯ್ಯ ಎದ್ದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕತ್ತಲಲ್ಲಿ ಕೂತಷ್ಟು ಹೊತ್ತೂ ಅವನು ಸುಮ್ಮನೆ ಕೂತಿರಲಿಲ್ಲ ಎಂಬುದು ಅವನ ಎದೆ ಉಬ್ಬಿದ ರೀತಿಯಲ್ಲೇ ತಿಳಿಯಿತು. ನೇರವಾಗಿ ಚಿಕ್ಕಬೋರಮ್ಮನವರ ಮುಂದೆ ಹೋಗಿ ನಿಂತ.

"ಅವ್ವಾರೆ, ನಿಮ್ಗೆ ನಾನು ಮೊದ್ಲು ಸರಿಯಾಗಿ ಯೋಳ್ನಿಲ್ಲ. ಈಗ ಯೋಳ್ತೀನಿ. ಕರೆಂಟು ಕೊಡೋರು ಎಲ್ಲಾ ಊರಲ್ಲೂ ಅವ್ರೆ. ಕರೆಂಟಿಗೆ ಕಾಯೋರು ಎಲ್ಲಾ ಮನೇಲೂ ಅವ್ರೆ. ಜಗಜಗ ಅನ್ನೋ ಕರೆಂಟು ಕೈಲಿದ್ದೂ, ಬ್ಯಾಡ ಅಂದೋರ ನೀವು ನಾಗಮಂಗಲದಲ್ಲಿ ಕಂಡಿದ್ದೀರಾ? ಪಾಂಡವಪುರದಲ್ಲಿ? ಶ್ರೀರಂಗಪಟ್ಟಣದಲ್ಲಿ? ಎಲ್ಲಾ ತಾಲ್ಲೂಕಿಗೂ ಒಬ್ನೇ ಒಬ್ಬ." ತಿಮ್ಮೇಶನ ಬೆನ್ನಿಗೆ ಅವನು ಎಂಥ ಪೆಟ್ಟು ಕೊಟ್ಟನೆಂದರೆ ಪಾಪ, ಅವನು ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದ. "ಅವ್ನು ನನ್ನ ಅಳಿಯ ಕಣವ್ವ!"